ಕಪ್ಪೆಗೆ ಹಾಕಿದ ಎಣ್ಣೆ

ಅವಳು ಔಷಧದ ಚೀಲವನ್ನು ಹೆಗಲಿಗೇರಿಸಿಕೊಂಡು ಹಿತ್ತಿಲ ಬಾಗಿಲು ತೆರೆಯುವ ಹೊತ್ತಿಗೆ ಭಾವ ಗಾಡಿಯ ಹೊಟ್ಟೆಯಡಿಯ ಬೋಲ್ಟು ಬಿಚ್ಚಿಯಾಗಿತ್ತು. ಹಳೆಯ ಎಣ್ಣೆ ಕಪ್ಪು ದಾರದ ಹಾಗೆ ತಗಡಿನ ತಟ್ಟೆಗೆ ಇಳಿಯುತ್ತಿತ್ತು. ಭಾವ ಕುಕ್ಕರಗಾಲಲ್ಲಿ ಕೂತು, ನೋಯುವ ಮಂಡಿಯ ಮೇಲೆ ಒಂದು ಕೈ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

“ನಿನ್ನೆ ನೀನು ಬಂದಾಗ ಕಿಟಕಿಯಿಂದ ಕೇಳಿಸ್ಕೊಂಡೆ. ಎಂಜಿನ್ನಿಗೆ ಗಂಟಲು ಕಟ್ಟಿದೆ,” ಎಂದರು ತಲೆ ಎತ್ತದೆ. “ಆಯಿಲ್ ಬದಲಾಯಿಸಿ ಯಾವ ಕಾಲ ಆಯ್ತೋ ಏನೋ. ಹೊಟ್ಟೆಗೆ ಹಾಕದೆ ಎತ್ತನ್ನ ದುಡಿಸಿದ ಹಾಗೆ.”

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಎಣ್ಣೆಗಿಂತ ಹೆಚ್ಚಾಗಿ ಅವಳನ್ನು ನಿಲ್ಲಿಸಿದ್ದು ಆ ಮಾತು. ಅಕ್ಕ ತೀರಿಕೊಂಡ ಮೇಲೆ ಭಾವ ಅವಳೊಡನೆ ಇಷ್ಟು ಉದ್ದದ ಮಾತಾಡಿದ್ದು ಇದೇ ಮೊದಲು. ಒಂದೇ ಸೂರಿನಡಿ, ಮುಂದಿನ ಭಾಗದಲ್ಲಿ ಅವರು, ಹಿಂದಿನ ಎರಡು ಕೋಣೆಗಳಲ್ಲಿ ಅವಳು. ‘ನಲ್ಲಿ ಬಂತು’, ‘ಕರೆಂಟು ಹೋಯ್ತು’, ‘ಚೀಟಿ ಬಂದಿದೆ’, ಇಷ್ಟೇ ಮಾತು. ಅದೂ ಗೋಡೆಗೆ ಹೇಳಿದ ಹಾಗೆ.

ಅಕ್ಕನಿಗೆ ಎದೆ ಹಿಡಿದುಕೊಂಡ ದಿನ ಅವಳು ಗುಡ್ಡದ ಮೇಲಿನ ಕಲ್ಲುಕ್ವಾರಿಯ ಬಿಡಾರದಲ್ಲಿ ಯಾರದೋ ಅವಳಿ ಮಕ್ಕಳನ್ನು ಹೊರಗೆಳೆಯುತ್ತಿದ್ದಳು. ಅಲ್ಲಿ ಫೋನು ಸಿಗುವುದಿಲ್ಲ. ಕೆಳಗಿಳಿದು ಬಂದಾಗ ಮನೆಯ ಮುಂದೆ ಚಪ್ಪಲಿಗಳ ರಾಶಿ. ಭಾವ ಎಲ್ಲರೆದುರಿಗೆ ಒಂದೇ ಮಾತು ಹೇಳಿದ್ದರು: “ಊರಿಗೆಲ್ಲ ಕೈ ಹಿಡಿದೆ. ಒಡಹುಟ್ಟಿದವಳಿಗೆ ಮಾತ್ರ ಕೈ ಕೊಟ್ಟೆ.” ಆಮೇಲೆ ಅದನ್ನು ಮತ್ತೆ ಹೇಳಲೂ ಇಲ್ಲ, ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

“ತಗೋ, ಇದನ್ನ ನೋಡು.” ಭಾವ ಪಕ್ಕದಲ್ಲಿದ್ದ ಕ್ಯಾನಿನ ಮುಚ್ಚಳ ತಿರುಗಿಸಿದರು. ಬೆಳ್ಳಿ ಬಣ್ಣದ ಕ್ಯಾನು, ಮೇಲೆ ಉದ್ದ ಮೂತಿಯ ಕಾರಿನ ಚಿತ್ರ. ದೊಡ್ಡ ಮನೆಯೊಂದರಲ್ಲಿ ಜೀವಮಾನವಿಡೀ ಡ್ರೈವರಾಗಿದ್ದವರು ಅವರು. ಯಜಮಾನರು ಕಾರು ಮಾರಿ, ಇವರನ್ನೂ ಬೀಳ್ಕೊಟ್ಟಾಗ ಶೆಡ್ಡಿನಲ್ಲಿ ಉಳಿದಿದ್ದ ಆಯಿಲ್ ಕ್ಯಾನುಗಳನ್ನು ಕೈಯಾರೆ ಕೊಟ್ಟು ಕಳಿಸಿದ್ದರು. ಕಾರಿಲ್ಲದ ಮನೆಯ ಅಟ್ಟದ ಮೇಲೆ ಅವು ಅಂದಿನಿಂದ ಬಟ್ಟೆ ಸುತ್ತಿಕೊಂಡು ಕೂತಿದ್ದವು. “ಇಂಥ ಆಯಿಲ್ ಈ ಊರಲ್ಲಿ ಯಾರೂ ಕಣ್ಣಲ್ಲೂ ಕಂಡಿಲ್ಲ. ಜೇನುತುಪ್ಪ ನೋಡು, ಜೇನುತುಪ್ಪ.”

ಅವಳಿಗೆ ತಕ್ಷಣ ನೆನಪಾದದ್ದು ಪೇಟೆಯ ಬೈಕ್ ಮೆಕ್ಯಾನಿಕ್ಕಿನ ಮಾತು. ಯಾವಾಗಲೋ ಗಾಡಿ ಬಿಡಲು ಹೋದಾಗ ಅವನು ಸುಮ್ಮನೆ ಹೇಳಿದ್ದ: “ಸಿಸ್ಟರೇ, ಏನಾದ್ರೂ ಮಾಡಿ, ಇದಕ್ಕೆ ಕಾರಿನ ಆಯಿಲ್ ಮಾತ್ರ ಹಾಕಿಸ್ಬೇಡಿ.” ಕಾರಣವನ್ನೂ ಹೇಳಿದ್ದ, ಅದು ಅವಳ ತಲೆಯಲ್ಲಿ ನಿಂತಿರಲಿಲ್ಲ. ಮಾತು ಮಾತ್ರ ನಿಂತಿತ್ತು.

ಬಾಯಿ ತೆರೆದಳು. ಭಾವ ಗಾಡಿಯನ್ನು ತೊಳೆದಿದ್ದರು ಎಂಬುದು ಆಗ ಕಣ್ಣಿಗೆ ಬಿತ್ತು. ಚಕ್ರದ ಸಂದಿಯ ಕೆಮ್ಮಣ್ಣನ್ನೆಲ್ಲ ಕಡ್ಡಿಯಿಂದ ಕೆದಕಿ ತೆಗೆದಿದ್ದರು. ಸೀಟಿನ ಹರಿದ ಅಂಚಿಗೆ ಟೇಪು ಅಂಟಿಸಿದ್ದರು. ವಾರವಿಡೀ ಲಸಿಕೆಯ ಕೆಲಸಕ್ಕೆ ಗುಡ್ಡ ಹತ್ತಿಳಿದು ಅವಳ ಮೈಯ ಕೀಲುಕೀಲೂ ಸಡಿಲಾಗಿತ್ತು. ಈಗ ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾರು ಹೇಳಿದ್ದು ಎನ್ನುತ್ತಾರೆ. ಬೀದಿ ಬದಿಯ ಬೈಕ್ ರಿಪೇರಿಯವನು ನನಗೆ ಪಾಠ ಹೇಳಬೇಕಾ ಎನ್ನುತ್ತಾರೆ. ಮತ್ತೆ ಗೋಡೆ ಏಳುತ್ತದೆ. ಅದನ್ನೆಲ್ಲ ಎದುರಿಸುವ ಕಸುವು ಅವಳಲ್ಲಿರಲಿಲ್ಲ. ಎಣ್ಣೆ ಎಣ್ಣೆಯೇ ತಾನೆ ಎಂದುಕೊಂಡಳು.

“ಚೆನ್ನಾಗಿದೆ ಭಾವ,” ಎಂದಳು.

ಭಾವ ಲಾಳಿಕೆ ಇಟ್ಟು, ಒಂದು ಹನಿ ಚೆಲ್ಲದ ಹಾಗೆ ಸುರಿದರು.

ಆ ಗಾಡಿಗೆ ಕಪ್ಪೆ ಎಂದು ಹೆಸರಿಟ್ಟಿದ್ದು ಬಿಡಾರದ ಮಕ್ಕಳು. ಆರೋಗ್ಯ ಕೇಂದ್ರದವರು ಗುಡ್ಡ ಹತ್ತಲೆಂದು ಕೊಟ್ಟ, ನಾಲ್ಕು ದಪ್ಪ ಚಕ್ರದ, ಬೈಕಿನ ಹ್ಯಾಂಡಲಿನ ಗಾಡಿ. ಕೂತಿದ್ದಾಗ ಈಗ ನೆಗೆಯುತ್ತೇನೆ ಎನ್ನುವ ಹಾಗೆ ಕಾಣುತ್ತಿತ್ತು. ಹಿಂದೆ ಕಬ್ಬಿಣದ ಚೌಕಟ್ಟು. ಅದರ ಮೇಲೆ ಲಸಿಕೆಯ ಪೆಟ್ಟಿಗೆ ಕಟ್ಟಬಹುದು, ಹೊತ್ತು ಬಂದರೆ ಒಬ್ಬ ಮನುಷ್ಯನನ್ನೂ ಮಲಗಿಸಬಹುದು. ನೀರಿನ ರೇಡಿಯೇಟರಿಲ್ಲ. ಗಾಳಿಗೆ ಮೈಯೊಡ್ಡಿಯೇ ಎಂಜಿನ್ ತಣಿಯಬೇಕು.

ಹೊಸ ಎಣ್ಣೆ ಬಿದ್ದ ಮೇಲೆ ಕಪ್ಪೆಯ ದನಿಯೇ ಬದಲಾಯಿತು. ಸಂಜೆ ಅವಳು ಹಿಂದಿರುಗಿದಾಗ ಭಾವ ಕಿಟಕಿಯಲ್ಲಿ ಕಾಣಿಸಿಕೊಂಡು, “ಹೇಗಿದೆ?” ಎಂದು ಕೇಳತೊಡಗಿದರು. “ಬೆಣ್ಣೆ ಹಾಗೆ ಓಡ್ತಿದೆ ಭಾವ,” ಎನ್ನುತ್ತಿದ್ದಳು. ಒಂದು ದಿನ ಅವಳು ಮಾಡಿದ ಸಾರನ್ನು ಬಟ್ಟಲಲ್ಲಿ ಒಯ್ದು ಕೊಟ್ಟಳು. ಮಾರನೆಯ ದಿನ ಬಟ್ಟಲು ತೊಳೆದು, ಬೋರಲು ಹಾಕಿ, ಅವಳ ಬಾಗಿಲ ಬಳಿ ಇಟ್ಟಿತ್ತು.

ಗುಡ್ಡದ ಕಡಿದಾದ ಕಡೆಗಳಲ್ಲಿ ಎಂಜಿನ್ ಒಮ್ಮೊಮ್ಮೆ ಜೋರಾಗಿ ಕಿರುಚಿ, ಗಾಡಿ ಮಾತ್ರ ನಿಧಾನವಾಗುತ್ತಿತ್ತು. ಕಾಲು ಜಾರಿದವರು ಸಾವರಿಸಿಕೊಳ್ಳುವ ಹಾಗೆ ಮತ್ತೆ ಹಿಡಿದುಕೊಳ್ಳುತ್ತಿತ್ತು. ಬಿಸಿಲಿಗಿರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಬಿಡಾರದಿಂದ ಆ ಫೋನು ಬಂದದ್ದು ಮಟಮಟ ಮಧ್ಯಾಹ್ನ. ಕಲ್ಲು ಒಡೆಯುವವನೊಬ್ಬ ಸಿಗ್ನಲ್ ಸಿಗುವ ಬಂಡೆಯ ತುದಿಗೆ ಓಡಿಬಂದು ಮಾತಾಡುತ್ತಿದ್ದ. ಅವನ ಹೆಂಡತಿಗೆ ಎಂಟನೇ ತಿಂಗಳು.

“ಸಿಸ್ಟರಮ್ಮ, ರಕ್ತ ಹೋಗ್ತಿದೆ. ಹಾಸಿಗೆಯೆಲ್ಲ… ನಾವೇ ಹೊತ್ಕೊಂಡು ಇಳಿದು ಬಿಡ್ಲಾ?”

“ಬೇಡ, ಕದಲಿಸ್ಬೇಡಿ. ಕಾಲು ಎತ್ತರಕ್ಕಿಡಿ. ನಾನು ಕಪ್ಪೆ ತಗೊಂಡು ಬಂದೇಬಿಟ್ಟೆ,” ಎಂದಳು ಅವಳು. ಹೊರಡುವ ಮೊದಲು ಆಂಬ್ಯುಲೆನ್ಸಿಗೆ ಫೋನು ಮಾಡಿ ಗುಡ್ಡದ ಬುಡಕ್ಕೆ ಬರಹೇಳಿದಳು.

ಅರ್ಧ ಗುಡ್ಡದವರೆಗೆ ಕಪ್ಪೆ ಬಂತು. ಹೇರ್‌ಪಿನ್ನಿನ ಹಾಗೆ ಮಡಚಿಕೊಳ್ಳುವ ತಿರುವಿನಲ್ಲಿ ಎಂಜಿನ್ ಬೊಬ್ಬೆ ಹಾಕಿತು, ಚಕ್ರ ತಿರುಗಲಿಲ್ಲ. ಗೇರು ಇಳಿಸಿದಳು. ಆಕ್ಸಿಲರೇಟರನ್ನು ಹಿಂಡಿದಳು. ಸುಟ್ಟ ವಾಸನೆ ಮೂಗಿಗೆ ಬಡಿಯಿತು, ಗಾಡಿ ಹಿಂದಕ್ಕೆ ಸರಿಯಿತು. ಬ್ರೇಕು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಚೀಲ ಬೆನ್ನಿಗೇರಿಸಿಕೊಂಡು ನಡೆದಳು. ಮೊದಲು ಓಡಿದಳು, ಆಮೇಲೆ ನಡೆದಳು, ಆಮೇಲೆ ಕೈಯನ್ನು ತೊಡೆಯ ಮೇಲೆ ಊರಿಕೊಂಡು ಒಂದೊಂದೇ ಹೆಜ್ಜೆ ಎತ್ತಿಟ್ಟಳು. ನೆರಳಿಗೆ ಒಂದು ಪೊದೆಯೂ ಇರಲಿಲ್ಲ. ‘ಕದಲಿಸ್ಬೇಡಿ’ ಎಂದ ತನ್ನ ಮಾತು ಪ್ರತಿ ಹೆಜ್ಜೆಗೂ ಎದುರು ಬಂದು ನಿಲ್ಲುತ್ತಿತ್ತು.

ಅವಳು ತಲುಪಿದಾಗ ಆ ಹೆಂಗಸಿನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಡ್ರಿಪ್ ಹಾಕಿ, ಬಾಟಲಿಯನ್ನು ಗಂಡನ ಕೈಗೆ ಕೊಟ್ಟಳು; ನಾಲ್ಕು ಜನ ಸೇರಿ ಆ ಹೆಂಗಸನ್ನು ಹಲಗೆಯ ಮೇಲೆ ತಿರುವಿನವರೆಗೆ ಹೊತ್ತು ತಂದರು. ಅಲ್ಲಿಂದ ಕೆಳಕ್ಕೆ ಕಪ್ಪೆಯೇ ಬಂತು. ಇಳಿಜಾರಿಗೆ ಕ್ಲಚ್ಚೂ ಬೇಡ, ಎಂಜಿನ್ನೂ ಬೇಡ. ಹಿಂದಿನ ಚೌಕಟ್ಟಿಗೆ ಹಲಗೆ ಬಿಗಿದು, ಗಂಡಸರು ಹಗ್ಗ ಹಿಡಿದು ಹಿಂದಕ್ಕೆ ಜಗ್ಗುತ್ತ, ಅವಳು ಎರಡೂ ಬ್ರೇಕು ಹಿಂಡುತ್ತ, ಸತ್ತ ಗಾಡಿಯನ್ನು ಗುಡ್ಡದ ಬುಡದಲ್ಲಿ ಕಾಯುತ್ತಿದ್ದ ಆಂಬ್ಯುಲೆನ್ಸಿನವರೆಗೆ ಉರುಳಿಸಿಕೊಂಡು ಬಂದರು.

ಹೆಂಗಸು ಉಳಿದಳು. ಮಗು ಉಳಿಯಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರಮ್ಮ ಗ್ಲೌಸು ಕಳಚುತ್ತಿದ್ದಾಗ ಅವಳು ಕೇಳಿದಳು: “ಇನ್ನೂ ಮೊದಲೇ ತಂದಿದ್ರೆ?”

ಡಾಕ್ಟರಮ್ಮನೂ ಬೆಳಗಿನಿಂದ ನಿಂತೇ ಇದ್ದವರು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. “ಉಳೀತಿತ್ತೇನೋ. ಉಳೀತಿರ್ಲಿಲ್ಲವೇನೋ. ಹೇಳೋಕಾಗಲ್ಲಮ್ಮ. ಹೋಗಿ ಏನಾದ್ರೂ ತಿನ್ನು.”

ಪೇಟೆಯ ಮೆಕ್ಯಾನಿಕ್ ಕಪ್ಪೆಯ ಪಕ್ಕೆಯ ಮುಚ್ಚಳ ತೆಗೆದ ಕೂಡಲೇ ಮುಖ ಹಿಂದಕ್ಕೆ ಎಳೆದುಕೊಂಡ. “ಅಯ್ಯಪ್ಪಾ! ತಳ ಹಿಡಿದ ಪಾತ್ರೆ ಹಾಗಿದೆ.” ಕ್ಲಚ್ ಪ್ಲೇಟುಗಳನ್ನು ಒಂದೊಂದಾಗಿ ಬಿಡಿಸಿ ಹಳೆಯ ಪೇಪರಿನ ಮೇಲೆ ಜೋಡಿಸಿದ. ಬಳೆಯ ಆಕಾರದ ಬಿಲ್ಲೆಗಳು; ಮೇಲಿನ ಒರಟು ಪದರ ಸವೆದು, ಕಪ್ಪಾಗಿ, ಗಾಜಿನ ಹಾಗೆ ನುಣ್ಣಗಾಗಿತ್ತು. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಉಜ್ಜಿ ನೋಡಿದ. “ಯಾರು ಸಿಸ್ಟರೇ ಇದನ್ನ ಹಾಕಿದ್ದು?”

“ನಾನೇ,” ಎಂದಳು.

ಅವನು ನಂಬಲಿಲ್ಲವೆಂದು ಕಾಣುತ್ತದೆ, ಆದರೆ ಕೆದಕಲಿಲ್ಲ. “ಎಣ್ಣೆ ಒಳ್ಳೇದೇ, ತಪ್ಪು ಹೇಳ್ಬಾರ್ದು. ಆದ್ರೆ ಕಾರಿಗೆ ಒಳ್ಳೇದು. ಅಲ್ಲಿ ಕ್ಲಚ್ಚು ಬೇರೆ ಮನೇಲಿ ಒಣಗಿಕೊಂಡಿರತ್ತೆ. ಇಲ್ಲಿ ಎಂಜಿನ್ನು, ಗೇರು, ಕ್ಲಚ್ಚು, ಮೂರಕ್ಕೂ ಒಂದೇ ತೊಟ್ಟೀಲಿ ಸ್ನಾನ. ಕಾರಿನ ಆಯಿಲ್ಲಿಗೆ ಜಾರಲಿ ಅಂತಾನೇ ಏನೇನೋ ಬೆರೆಸಿರ್ತಾರೆ. ಅದು ಪ್ಲೇಟಿಗೆ ಸಿಕ್ರೆ ಹಿಡ್ಕೊಳ್ಳೋದೇ ಇಲ್ಲ. ಇನ್ನು ಆ ಏರಲ್ಲಿ ಆಮೆ ಥರ ಹತ್ತುವಾಗ ಗಾಳಿ ಎಲ್ಲಿ ಬಡಿಯತ್ತೆ? ಎಂಜಿನ್ ಕಾದು ಕೆಂಡ. ತೆಳ್ಳಗಿನ ಆಯಿಲ್ ಇನ್ನೂ ನೀರು.” ಕೈ ಒರೆಸಿಕೊಳ್ಳುತ್ತ ನಕ್ಕ. “ಕ್ಲಚ್ಚು ಅಂದ್ರೆ ಸಂಸಾರ ಇದ್ದ ಹಾಗೆ ಸಿಸ್ಟರೇ. ಸ್ವಲ್ಪ ತಿಕ್ಕಾಟ ಬೇಕು. ಬರೀ ನುಣುಪಾದ್ರೆ ಗಾಡಿ ಮುಂದಕ್ಕೆ ಹೋಗಲ್ಲ.”

ಅವಳೂ ನಗಲು ನೋಡಿದಳು. ಹೊಸ ಪ್ಲೇಟು ನಗರದಿಂದ ಬರಬೇಕು, ಅಲ್ಲಿಯವರೆಗೆ ಕಪ್ಪೆ ಇಲ್ಲೇ ಇರಲಿ ಎಂದ. ಹಳೆ ಎಣ್ಣೆ ಪೂರ್ತಿ ತೊಳೆದು ಹೋಗಬೇಕು, ಹೊಸದನ್ನು ನೀವೇ ತನ್ನಿ, ಸರಿಯಾಗಿ ನೋಡಿ ತನ್ನಿ ಎಂದ.

ಮನೆಗೆ ಬಂದಾಗ ಭಾವ ಜಗಲಿಯ ಮೇಲೆ ಕೂತು ಲಾಳಿಕೆಯನ್ನು ಸೋಪಿನ ನೀರಲ್ಲಿ ತೊಳೆಯುತ್ತಿದ್ದರು. ಬಿಡಾರದ ಮಗುವಿನ ಸುದ್ದಿ ಅವರಿಗೆ ಮುಟ್ಟಿತ್ತು. ಗಾಡಿ ಕೆಟ್ಟು ನಿಂತದ್ದೂ ಗೊತ್ತಿತ್ತು. “ಸರ್ಕಾರಿ ಗಾಡಿ ಅಂದ್ರೆ ಹಾಗೇ. ಏನೋ ಸವಕಲು ಸಾಮಾನು ಹಾಕಿ ಕೊಟ್ಟಿರ್ತಾರೆ,” ಎಂದರು. ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದರು. “ನೀನು ಮನಸ್ಸಿಗೆ ಹಚ್ಕೋಬೇಡ. ನಿನ್ನ ಕೈಲಾದ್ದು ನೀನು ಮಾಡಿದ್ದೀಯ. ರಿಪೇರಿ ಆಗಿ ಬರ್ಲಿ, ಇನ್ನೊಂದು ಕ್ಯಾನ್ ಹಾಗೇ ಇಟ್ಟಿದ್ದೀನಿ, ಹಾಕಿ ಕೊಡ್ತೀನಿ.”

ಕೈಲಾದದ್ದು ಮಾಡಿದ್ದೀಯ. ಅಕ್ಕನ ಹೆಣದ ಮುಂದೆ ಅವಳಿಗೆ ಬೇಕಾಗಿದ್ದ ಮಾತು ಅದು. ಈಗ ಬಂತು. ಕೇಳಿಸಿಕೊಂಡು ಸುಮ್ಮನೆ ಒಳಗೆ ಹೋಗಿ ಮಲಗಬಹುದಿತ್ತು. ಇನ್ನೊಂದು ಕ್ಯಾನನ್ನು ಅಟ್ಟದಿಂದ ಹೇಗಾದರೂ ಮಾಯ ಮಾಡಬಹುದಿತ್ತು. ಅವಳು ಚಪ್ಪಲಿಯನ್ನೂ ಬಿಡದೆ ಜಗಲಿಯ ಅಂಚಿನಲ್ಲಿ ಕೂತಳು.

“ಅದು ಬೇಡ ಭಾವ.”

“ಯಾಕೆ?”

“ಆ ಎಣ್ಣೆಯಿಂದಾನೇ ಕ್ಲಚ್ಚು ಹೋಗಿದ್ದು. ಕಾರಿಂದು ಇದಕ್ಕೆ ಆಗಲ್ಲವಂತೆ. ಜಾರತ್ತಂತೆ.”

ಭಾವನ ಕೈಯಲ್ಲಿ ಲಾಳಿಕೆ ನಿಂತಿತು. “ಯಾರು ಹೇಳಿದ್ದು? ಆ ರಿಪೇರಿಯವನಾ? ನಾನು ಸ್ಟೀರಿಂಗ್ ಹಿಡಿದಾಗ ಅವನಿನ್ನೂ…” ಅಷ್ಟಕ್ಕೇ ನಿಲ್ಲಿಸಿದರು. ಸೋಪಿನ ನೊರೆ ಅವರ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. “ಅವನು ಇವತ್ತು ಹೇಳಿದ್ನಾ?”

“ಇವತ್ತು ಬಿಡಿಸಿ ಹೇಳಿದ. ಹಾಕ್ಬೇಡಿ ಅಂತ ಮುಂಚೇನೇ ಹೇಳಿದ್ದ.”

“ಮುಂಚೆ ಅಂದ್ರೆ? ನಾನು ಹಾಕೋಕೆ ಮುಂಚೇನಾ?”

“ಹೂಂ.”

“ಗೊತ್ತಿದ್ದೂ ಸುಮ್ನೆ ನಿಂತಿದ್ಯಾ? ನಿನ್ನ ಕಣ್ಣೆದುರಿಗೇ ಸುರಿದ್ನಲ್ಲೇ ನಾನು! ಒಂದು ಮಾತು ಹೇಳೋಕೇನಾಗಿತ್ತು ನಿನಗೆ?”

ಅವಳು ಅಂಗಳದ ಕಡೆ ನೋಡುತ್ತ ಹೇಳಿದಳು. “ಎರಡು ವರ್ಷ ಆದ್ಮೇಲೆ ನೀವು ನನ್ನ ಮಾತಾಡ್ಸಿದ್ರಿ ಭಾವ. ಬೇಡ ಅನ್ನೋಕೆ ನಾಲಿಗೆ ಬರಲಿಲ್ಲ.”

ಭಾವ ಲಾಳಿಕೆಯನ್ನು ಬಕೆಟ್ಟಿಗೆ ಇಳಿಬಿಟ್ಟು, ಗೋಡೆ ಹಿಡಿದು ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವಳು ಕೂತೇ ಇದ್ದಳು. ಆಗಿದ್ದು ಆಗಿಹೋಯಿತು, ಗೋಡೆ ಮತ್ತೆ ಎದ್ದಿತು ಎಂದುಕೊಂಡಳು. ವಿಚಿತ್ರವೆಂದರೆ ಅದಕ್ಕೆ ಅಳುವಷ್ಟೂ ತ್ರಾಣ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಒಗೆದ ಅಂಗಿ ತೊಟ್ಟು ಅವಳ ಬಾಗಿಲಲ್ಲಿ ನಿಂತಿದ್ದರು. ಕಣ್ಣ ಕೆಳಗೆ ಊದಿತ್ತು. “ನಡಿ. ಆಯಿಲ್ ತರೋಣ,” ಎಂದರು.

ಅಂಗಡಿಯವನು ಪರಿಚಯದವನೇ. ಭಾವನನ್ನು ಕಂಡವನೇ ಮೇಲಿನ ಸಾಲಿಂದ ಒಂದು ಹೊಳೆಯುವ ಡಬ್ಬ ಇಳಿಸಿದ. “ನಿಮಗೆ ನಾನೇನು ಹೇಳೋದು? ಕಂಪನಿಯವರದ್ದು, ಈಗ ತಾನೇ ಬಂದಿದ್ದು. ಪೆಟ್ರೋಲ್ ಉಳಿಯತ್ತೆ, ಎಂಜಿನ್ ಹಗುರ ಓಡತ್ತೆ.”

ಹಿಂದಿನ ಭಾವನಾಗಿದ್ದರೆ ಡಬ್ಬದ ತೂಕ ನೋಡಿಯೇ ಒಂದು ಭಾಷಣ ಬಿಗಿಯುತ್ತಿದ್ದರು. ಈಗ ಅದನ್ನು ತಿರುವಿ ಹಿಂಭಾಗ ನೋಡಿದರು. ಕನ್ನಡಕ ಮರೆತು ಬಂದಿದ್ದರು. ಕೈಯನ್ನು ದೂರಕ್ಕೆ ಚಾಚಿದರು, ಹತ್ತಿರಕ್ಕೆ ತಂದರು, ಕೊನೆಗೆ ಅವಳ ಕೈಗೆ ಕೊಟ್ಟರು. “ಓದು.” ಅವಳು ಓದಿದಳು. ಎಲ್ಲಿಯೂ ಬೈಕಿನ ಮಾತಿರಲಿಲ್ಲ.

“ಇದು ಬೇಡಪ್ಪ,” ಎಂದರು ಭಾವ. “ಗಾಡಿ ಗುಡ್ಡದ್ದು. ಗಾಳಿಗೇ ತಣಿಯೋ ಎಂಜಿನ್. ಕ್ಲಚ್ಚು ಆಯಿಲಲ್ಲೇ ಮುಳುಗಿರತ್ತೆ. ಬಿಸಿಗೆ ನೀರಾಗದೇ ಇರೋ ದಪ್ಪಗಿನದ್ದು ಬೇಕು, ಜಾರೋ ಸಾಮಾನು ಬೆರೆಸದೇ ಇರೋದು ಬೇಕು.” ಸ್ವಲ್ಪ ತಡೆದು, “ನನಗೆ ಕಾರಿನ ವಿಷಯ ಗೊತ್ತು, ಇದು ಗೊತ್ತಿಲ್ಲ. ಇರೋದನ್ನೆಲ್ಲ ಇಳಿಸು, ನೋಡ್ತೀವಿ,” ಎಂದರು.

ಅಂಗಡಿಯವನು ಹುಬ್ಬೇರಿಸಿದ. ಕಟ್ಟೆಯ ಮೇಲೆ ಡಬ್ಬಗಳು ಸಾಲಾದವು. ಅವಳು ಒಂದೊಂದನ್ನೇ ಓದುತ್ತ ಹೋದಳು, ಭಾವ ಕಿವಿಗೊಟ್ಟು ಕೇಳುತ್ತ ಬೇಡವಾದದ್ದನ್ನು ಪಕ್ಕಕ್ಕೆ ಸರಿಸುತ್ತ ಹೋದರು. ಕೊನೆಗೆ ಉಳಿದದ್ದು ಕೆಂಪು ಮುಚ್ಚಳದ ಸಾದಾ ಡಬ್ಬ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಬೈಕುಗಳಿಗೆ ಎಂದು ಅದರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿತ್ತು. ಭಾವ ಅವಳಿಂದ ಅದನ್ನು ಎರಡು ಸಲ ಓದಿಸಿದರು. ಮೆಕ್ಯಾನಿಕ್ಕಿನ ಶೆಡ್ಡಿಗೂ ಅವರೇ ಹೊತ್ತು ನಡೆದರು. “ಆ ದಿನ ಆಯಿಲ್ ಹಾಕಿದ್ದು ನಾನು. ಇವಳಲ್ಲ,” ಎಂದು ಅವನೆದುರು ಡಬ್ಬ ಇಟ್ಟರು. ಅವನು ಡಬ್ಬ ನೋಡಿ, ಭಾವನನ್ನು ನೋಡಿ, ಒಂದು ಸ್ಟೂಲು ಎಳೆದು ಕೊಟ್ಟ.

ಕೆಲವು ದಿನ ಕಳೆದರೂ ಪ್ಲೇಟುಗಳು ಬಂದಿರಲಿಲ್ಲ. ಆ ಹೆಂಗಸನ್ನು ಆಸ್ಪತ್ರೆಯಿಂದ ಬಿಡಾರಕ್ಕೆ ಕಳಿಸಿದ್ದರು, ಹೋಗಿ ನೋಡಲೇಬೇಕಿತ್ತು. ಅವಳು ಚೀಲ ತೆಗೆದುಕೊಂಡಾಗ ಭಾವ ಲಸಿಕೆಯ ಪೆಟ್ಟಿಗೆಗೆ ಕೈ ಹಾಕಿದರು.

“ಮಂಡಿ ಭಾವ…”

“ಮಂಡಿ ನನ್ನದು. ನೀನು ನಡಿ.”

ಗುಡ್ಡದ ದಾರಿಯನ್ನು ಅವರು ಅಲ್ಲಿಯವರೆಗೆ ಕೆಳಗಿನಿಂದ ಮಾತ್ರ ಕಂಡಿದ್ದರು. ಮೊದಲ ಏರಿನಲ್ಲೇ ಉಬ್ಬಸ ಬಂತು. ತಿರುವಿನಲ್ಲಿ, ಕಪ್ಪೆ ನಿಂತುಹೋದ ಜಾಗದಲ್ಲಿ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಹಾಗೇ ಬಿದ್ದಿತ್ತು; ಅವಳು ತೋರಿಸಲಿಲ್ಲ. ಭಾವ ಅಲ್ಲಿಂದ ಮೇಲಿನ ದಾರಿ ನೋಡಿದರು, ಕೆಳಗಿನ ಊರು ನೋಡಿದರು. ಊರಲ್ಲಿ ತಮ್ಮ ಮನೆ ಯಾವುದೆಂದು ಗುರುತು ಹತ್ತಲಿಲ್ಲ.

“ಅವತ್ತೂ ಇಷ್ಟೂ ಇಳಿದು ಬರಬೇಕಾಗಿತ್ತಾ ನೀನು?” ಎಂದು ಕೇಳಿದರು. ಯಾವತ್ತು ಎಂದು ಅವರು ಹೇಳಲಿಲ್ಲ.

“ಹೂಂ,” ಎಂದಳು. ಮತ್ತೆ ಹತ್ತತೊಡಗಿದರು.

ಬಿಡಾರದ ಮನೆ ಎಂದರೆ ಒಂದೇ ಕೋಣೆ, ಸುತ್ತಲೂ ಮೇಲೂ ತಗಡು. ಹೆಂಗಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂದಿತ್ತು. ಕುಡಿಯುವವರಿಲ್ಲ ಎಂಬುದು ದೇಹಕ್ಕೆ ಯಾರು ಹೇಳಬೇಕು? ಸಿಸ್ಟರು ಬಾಗಿಲು ಓರೆ ಮಾಡಿಕೊಂಡು, ತಣ್ಣನೆಯ ಬಟ್ಟೆ ಹಿಂಡಿ ಇಟ್ಟು, ಮಾತ್ರೆ ನುಂಗಿಸಿ, ಎದೆಗೆ ಬಟ್ಟೆ ಕಟ್ಟಿದಳು. ಹೆಂಗಸು ಮೊದಲ ಬಾರಿಗೆ ದನಿ ತೆಗೆದು ಅತ್ತಳು. ಅತ್ತಷ್ಟೂ ಅಳಲಿ ಎಂದು ಇವಳು ಬೆನ್ನು ಸವರುತ್ತ ಕೂತಳು. ತಗಡಿನ ಗೋಡೆಯಾಚೆ ನಿಂತವರಿಗೆ ಅದೆಲ್ಲ ಕೇಳಿಸುತ್ತಿತ್ತು.

ಹೊರಗೆ ಭಾವ ಮಾತಾಡುವುದು ಅವಳಿಗೂ ಕೇಳಿಸಿತು.

“ನೋಡಪ್ಪಾ. ಆ ಗಾಡಿಗೆ ತಪ್ಪು ಎಣ್ಣೆ ಹಾಕಿದ್ದು ನಾನು. ಅದಕ್ಕೇ ಅದು ಏರಲಿಲ್ಲ. ನಿನಗೆ ಗೊತ್ತಿರಲಿ ಅಂತ ಹೇಳ್ದೆ.”

ಅವಳ ಕೈ ಹೆಂಗಸಿನ ಬೆನ್ನ ಮೇಲೆ ನಿಂತುಬಿಟ್ಟಿತು. ಎದ್ದು ಹೋಗಬೇಕೇನೋ ಎನ್ನಿಸಿತು. ಹೋಗಿ ‘ಗೊತ್ತಿದ್ದವಳು ನಾನು’ ಎನ್ನಬೇಕೇನೋ. ಅವಳು ಎದ್ದು ಬಾಗಿಲು ಸರಿಸಿದಳು.

ಕಲ್ಲು ಒಡೆಯುವವನು ಹೊಸ್ತಿಲ ಬಳಿ ನೆಲ ನೋಡುತ್ತ ಕೂತಿದ್ದ. ಭಾವ ಅವನೆದುರು, ಬಿಸಿಲಲ್ಲಿ, ಕೈ ಕಟ್ಟಿಕೊಂಡು ನಿಂತಿದ್ದರು.

“ಗೊತ್ತಿದ್ದವಳು ನಾನು,” ಎಂದಳು. “ಅವರಿಗೆ ಗೊತ್ತಿರಲಿಲ್ಲ.”

ಅವನು ಇಬ್ಬರನ್ನೂ ನೋಡಿದ. ಕ್ವಾರಿಯ ಕಡೆಯಿಂದ ಯಾರೋ ಕೂಗಿದರು. ನೀರಿನ ಟ್ಯಾಂಕರು ಬಂದಿತ್ತು, ಮನೆಮನೆಯಿಂದ ಜನ ಪಾತ್ರೆ ಹಿಡಿದು ಓಡುತ್ತಿದ್ದರು. ಅವನು ಎದ್ದು ಒಳಗೆ ಹೋದ. ಮೂಲೆಯಲ್ಲಿದ್ದ ಎರಡು ಬಕೆಟ್ಟುಗಳಲ್ಲಿ ಒಂದು ಅವನು ತರುವುದು, ಇನ್ನೊಂದು ಹೆಂಡತಿ ತರುವುದು. ಎರಡನ್ನೂ ಹೊರಗೆ ತಂದ. ಒಂದನ್ನು ಭಾವನ ಮುಂದೆ ಚಾಚಿದ.

ಭಾವ ತೆಗೆದುಕೊಂಡರು.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಟ್ಯಾಂಕರಿನ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತರು. ತುಂಬಿಸಿಕೊಂಡು ಹಿಂದಿರುಗುವಾಗ ಕಲ್ಲು ಒಡೆಯುವವನು ಮುಂದೆ, ಕುಂಟುತ್ತ ಭಾವ ಹಿಂದೆ. ಒಂದೊಂದು ಹೆಜ್ಜೆಗೂ ನೀರು ತುಳುಕಿ ಅವರ ಒಗೆದ ಅಂಗಿಯನ್ನು ತೋಯಿಸುತ್ತಿತ್ತು. ಮುಂದಿನವನು ಸ್ವಲ್ಪ ದೂರ ನಡೆದು, ತಿರುಗಿ ನೋಡಿ, ಬಕೆಟ್ಟನ್ನು ಕೆಳಗಿಟ್ಟು ನಿಂತುಕೊಂಡ.